ನಾಳಿ ನೀರು

ಮೂವತ್ತು ವರ್ಷ ಆತು, ಆಟೋದ ನೆತ್ತಿಗೆ ಭೋಂಗಾ ಕಟ್ಟಿ
ಯಾದಗಿರಿ ತುಂಬ ಒದರಿದವ ನಾನು, ಸಾಬಣ್ಣ.
ಸರ್ಕಸ್ ಬಂದದ್ದು, ಸೀರಿ ಸೇಲು, ಪೋಲಿಯೋ ಹನಿ,
ಕಳದ ಕೂಸು, ಕರೆಂಟ್ ಬಿಲ್ಲಿನ ಕಡೀ ತಾರೀಖು.

ಒದರೂದಂದ್ರ ಬರೇ ಗಂಟಲಲ್ಲ.
ಗಾಂಧಿ ಚೌಕದಾಗ ಗಾಡಿ ನಿಲ್ಲಿಸಬಾರದು,
ಅಲ್ಲಿ ಎಲ್ಲಾರಿಗೂ ಕಿವಿ ಇರ್ತಾವ, ಪುರಸೊತ್ತಿರಂಗಿಲ್ಲ.
ಸ್ಟೇಷನ್ ಹಿಂದಿನ ಗಲ್ಲಿಗೆ ಸಂಜಿಕಿ,
ರೊಟ್ಟಿ ಬಡಿಯೋ ಸಪ್ಪಳ ನಿಂತ ಮ್ಯಾಲ.
ಹತ್ತಿಕುಣಿ ರೋಡಿನಾಗ ಮುದುಕರು ಭಾಳ,
ಎರಡನೇ ಗೇರು ದಾಟಬಾರದು, ಒಂದು ಮಾತು ಎರಡು ಸಲ.
ಕಿಟಕಿ ಬೆರಳಷ್ಟು ತೆರೀತಂದ್ರ
ಸುದ್ದಿ ಒಳಗ ಹೋತು.

ಮೊಗಲಪ್ಪನ ಮಗಳು ತ್ರಿವೇಣಿ, ಡಿಗ್ರಿ ಎರಡನೇ ವರ್ಷ,
ಆಕಿ ಶಾಸ್ತ್ರ ನಂದಕ್ಕಿಂತ ಭಾಳ ದೂರ ಇರಲಿಲ್ಲ:
ರಾತ್ರಿ ಒಂಬತ್ತಕ್ಕ ಬಿಡಬೇಕಂತ, ಉಂಡು ಮಂದಿ ಅಡ್ಡಾದಾಗ.
ಮೂರು ಸೆಕೆಂಡಿನಾಗ ಹಿಡೀಬೇಕಂತ,
ಇಲ್ಲಂದ್ರ ಹೆಬ್ಬೆರಳು ದೂಡಿಬಿಡ್ತದಂತ.
ಮೊದಲ ನೂರು ಮಂದಿ ನಿಂತು ನೋಡಿದ್ರ
ಅದು ತಾನ ಒಯ್ದು ಸಾವಿರ ಮಂದಿ ಮುಂದ ಇಡ್ತದಂತ.
"ಅದು ಅಂದ್ರ ಯಾರವ್ವ?"
"ಯಾರೂ ಇಲ್ಲ ಕಾಕಾ. ಲೆಕ್ಕ ಅಷ್ಟ."
ಕಟ್ಟಿಮ್ಯಾಲ ಮನಷಾನ ಇಲ್ಲದ ಚಾವಡಿ
ನಾ ಅವತ್ತ ಮೊದಲ ಕೇಳಿದ್ದು.

ಆವತ್ತು ನಗರಸಭೆಯವರು ಚೀಟಿ ಕೊಟ್ಟಿದ್ರು:
ಭೀಮಾ ಹೊಳಿ ಮೋಟಾರ್ ಸುಟ್ಟದ, ನಾಳಿ ನೀರು ಬರಂಗಿಲ್ಲ.
ಹತ್ತಿಕುಣಿ ರೋಡಿನಿಂದ ಸುರು ಮಾಡಿದೆ.
"ನಾಳಿ ನೀರು" ಅನ್ನೂದ್ರಾಗ
ಗಂಟಲದಾಗ ನೊಣ ಹೋತು.
ಕೆಮ್ಮಿದೆ, ಕ್ಯಾಕರಿಸಿದೆ, ಅದರ ಅವ್ವನ್ನ ನೆನಸಿದೆ.
ಮೈಕ್ ಚಾಲೂ ಇತ್ತು.
ಹಿಂದಿನ ಸೀಟಿನಾಗ ತ್ರಿವೇಣಿ ಫೋನೂ ಚಾಲೂ ಇತ್ತು.
ಹ್ಯಾಂಗೋ ಆ ರೋಡಿಗೆ ಎರಡು ಸಲ ಹೇಳಿ ಮುಗಿಸೂದ್ರಾಗ
ದನಿ ಕಟ್ಟಿಹೋತು.
"ಬಿಡು ಕಾಕಾ, ಉಳಿದ ಊರಿಗೆ ನಾ ಹಾಕ್ತೀನಿ."

ಹನ್ನೊಂದು ಸೆಕೆಂಡಿನ ನಾನು.
ಮಲಗೂದ್ರಾಗ ಎರಡು ಲಕ್ಷ.
ಸೊಲ್ಲಾಪುರದಾಗ ಯಾರೋ ಹಲಗಿ ಕೂಡಿಸಿದ್ರಂತ,
ದುಬೈದಾಗ ಸೆಂಟ್ರಿಂಗ್ ಹುಡುಗರು ಬಿದ್ದು ಬಿದ್ದು ನಕ್ಕಾರಂತ,
ಕೆಳಗ ಮಂದಿ ಜಗಳ: ಬೈದದ್ದು ನೊಣಕ್ಕೋ, ನಗರಸಭೆಗೋ?
"ಜಗಳ ಬಿದ್ರ ಛಲೋ, ಇನ್ನೂ ಮ್ಯಾಲ ಹೋಗ್ತದ."
ಮಾಳಿಗಿ ಮ್ಯಾಲ ನಿಂತೆ. ಕಿಲ್ಲೇದ ಗುಡ್ಡ ಇದ್ದಲ್ಲೇ ಇತ್ತು.
ನನ್ನ ದನಿ ಮಾತ್ರ ನನ್ನ ಕೇಳದ
ಎಲ್ಲಿ ಹೊಂಟಿತ್ತೋ. ಖುಷಿ ಆಗಲಿಲ್ಲ ಅಂದ್ರ ಸುಳ್ಳು.

ಮುಂಜಾನಿ ನಳದ ಮುಂದ ಖಾಲಿ ಕೊಡ ಸಾಲು ಹಿಡಿದಿದ್ವು.
"ಹೇಳಬಾರದೇನೋ ಸಾಬಣ್ಣಾ?"
ಅಂದವರೆಲ್ಲ ರಾತ್ರಿ ನನ್ನ ಕೆಮ್ಮಿಗೆ ಹಾರ್ಟ್ ಒತ್ತಿದವರ.
ನಮ್ಮ ಹಂಡೆ ಮುಚ್ಚಳ ತೆಗದೆ, ತಳ ಕಂಡಿತು.
ಭೀಮಬಾಯಿ ತೌರಿನ ಆರು ಗ್ರೂಪಿಗೆ ಕಳಿಸ್ಯಾಳ.
"ನೀರು ಬರಂಗಿಲ್ಲಂತ ಇತ್ತಲ್ಲ ಅದರಾಗ?"
"ಎಲ್ಲಿದು? ನೊಣಕ್ಕ ಮುಗೀತದ."
ತ್ರಿವೇಣಿ ನೆಲ ನೋಡಿದ್ಲು:
"ಮುಂದಿಂದು ಕತ್ತರಿಸಿದೆ ಕಾಕಾ. ಉದ್ದ ಆಗ್ತಿತ್ತು."

ಕೊಡ ತಗೊಂಡು ಹತ್ತಿಕುಣಿ ರೋಡಿಗೆ ಹೋದೆ.
ಅಲ್ಲಿ ಹಂಡೆ, ಬಕೀಟು, ಕೂಸಿನ ಟಬ್ಬು ಸೈತ ತುಂಬಿತ್ತು.
ಒಬ್ಬ ಮುದುಕಿ ತಂಬಿಗಿ ತಂಬಿಗಿ ಎಣಿಸಿ ಹಾಕಿದ್ಲು.
ಕಿಟಕಿ ಮುಚ್ಚೂ ಮುಂಚೆ, ಬೆರಳಷ್ಟು ಸಂದಿಯಿಂದ
ಕೇಳಿದ್ಲು:
"ಆ ನೊಣ ಬದುಕಿತೇನಪ್ಪಾ?"