ಹತ್ತರಲ್ಲಿ ಏಳೂವರೆ

ಈ ಸಲದ ಪಟ್ಟಿಯಲ್ಲಿ ಹತ್ತು ಸಿನಿಮಾ.
ನಾನು ನೋಡಿದ್ದು ಏಳೂವರೆ.
ಎಲ್ಲವೂ ರಾತ್ರಿ ಪಾಳಿಯಲ್ಲಿ, ಕಾರವಾರದ ದೊಡ್ಡಾಸ್ಪತ್ರೆಯ
ಗಂಡಸರ ವಾರ್ಡಿನಲ್ಲಿ,
ಔಷಧಿ ಟ್ರಾಲಿಗೆ ಒರಗಿಸಿದ ಫೋನಿನಲ್ಲಿ.
ಇಯರ್‌ಫೋನು ಒಂದು ಕಿವಿಗೆ ಮಾತ್ರ;
ಇನ್ನೊಂದು ಕಿವಿ ಸರ್ಕಾರದ್ದು.

ಹಾಗಾಗಿ ನನ್ನ ಅಭಿಪ್ರಾಯಗಳೂ ಒಂದು ಕಿವಿಯವು.
ಸಂಗೀತ ಎಡಗಡೆ ಚೆನ್ನಾಗಿತ್ತು, ಅಷ್ಟು ಹೇಳಬಲ್ಲೆ.
ಬಲಗಡೆ ಕೆಮ್ಮು ಇತ್ತು.

ಯುದ್ಧದ ಸಿನಿಮಾ ಮೂರು ಗಂಟೆ ಹದಿನೆಂಟು ನಿಮಿಷ.
ಅದಕ್ಕೇ ಸಿಗುವುದು ಅನ್ನುತ್ತಾರೆ ಎಲ್ಲರೂ. ಸಿಗಲಿ.
ಆದರೆ ಅದರಲ್ಲಿ ಸಾಯುವವರೆಲ್ಲ
ವಾಕ್ಯ ಮುಗಿಸಿ ಸಾಯುತ್ತಾರೆ.
ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ನಾನು ಕೇಳಿದ ಕೊನೆಯ ಮಾತುಗಳು:
‘ಫ್ಯಾನು’, ‘ಚಪ್ಪಲಿ ಎಲ್ಲಿ’.
ಒಬ್ಬರು ಅಂಕೋಲೆಗೆ ಮುಂದಿನ ಬಸ್ಸು ಎಷ್ಟಕ್ಕೆ ಎಂದು ಕೇಳಿದರು.
ಗಡಿಯಾರ ನೋಡಿ ತಿರುಗುವಷ್ಟರಲ್ಲಿ

ರಾಣಿಯ ಸಿನಿಮಾಕ್ಕೆ ಬಟ್ಟೆಯ ಪ್ರಶಸ್ತಿ ಕೊಡಿ, ಅಡ್ಡಿಯಿಲ್ಲ.
ಇಸಾಬೆಲ್ ಸಿಸ್ಟರ್ ಎರಡು ಸಲ ಅತ್ತರು.
ನನಗೆ ಅವಳ ಮಂಚದ ಬಿಳಿ ಚಾದರ ಕಂಡು ಹೊಟ್ಟೆಕಿಚ್ಚು.
ಮುದಿ ನಟನೊಬ್ಬ ಮುದಿ ನಟನ ಪಾತ್ರ ಮಾಡಿದ್ದನ್ನು
ಅರ್ಧಕ್ಕೇ ಬಿಟ್ಟೆ.
ಏಳೂವರೆಯ ಅರ್ಧ ಅದಲ್ಲ, ಅದನ್ನು ಸೊನ್ನೆ ಹಿಡಿದಿದ್ದೇನೆ.

ಅರ್ಧ ಅಂದರೆ ದೋಣಿಯವನದ್ದು.
ಯಾವುದೋ ಚಳಿದೇಶದ ಹೊಳೆ,
ದಾಟಿಸುವವನೊಬ್ಬ,
ಹೊಳೆಗೆ ಸೇತುವೆ ಬರುತ್ತಿದೆ. ಅಷ್ಟೇ ಕತೆ.
ಬಾಗಿಲು ಹಾಕುವ ಹೊತ್ತಿಗೆ ಬಸ್ಸಿಗೆ ನೇತುಬಿದ್ದವನ ಹಾಗೆ
ಹತ್ತನೆಯದಾಗಿ ಪಟ್ಟಿ ಹತ್ತಿತ್ತು.

‘ಕಿತೆಂ ಪಳಯ್ತಾ ಗೋ ಬಾಯೆ?’
ಒಂಬತ್ತನೇ ಹಾಸಿಗೆ. ಗಣಬಾ ದುರ್ಗೇಕರ್, ಎಂಬತ್ತೊಂದು, ಸೊಂಟದ ಮೂಳೆ.
ಕೋಡಿಬಾಗದಿಂದ ಸದಾಶಿವಗಡಕ್ಕೆ
ಕಾಳಿ ದಾಟಿಸುವ ಲಾಂಚಿನಲ್ಲಿ ಹಗ್ಗ ಎಸೆಯುತ್ತಿದ್ದವ,
ಸೇತುವೆ ಆಗುವತನಕ.
ಫೋನನ್ನು ಅವನತ್ತ ತಿರುಗಿಸಿದೆ.
ಅಡಿಬರಹ ಓದಿ ಓದಿ ಕೊಂಕಣಿಯಲ್ಲಿ ಪಿಸುಗುಟ್ಟಿದೆ.
ಸ್ವಲ್ಪ ಹೊತ್ತಿಗೆ, ಸುಮ್ಮನಿರು ಅಂದ.
ಅವನು ಹಗ್ಗ ನೋಡುತ್ತಿದ್ದ.
‘ಎರಡೇ ಸುತ್ತು ಸುತ್ತಿದಾನೆ, ಸಾಲದು.
ಇಳಿತದ ನೀರು, ಎಳೀತದೆ.’

ದೋಣಿ ಜಾರಿತು!
ಅಂದರೆ ನಿರ್ದೇಶಕನಿಗೂ ಗೊತ್ತಿತ್ತು.
ಗಣಬಾ ನನ್ನ ಕಡೆ ನೋಡಿದ ನೋಟಕ್ಕೆ
ನನ್ನ ಕೈಯಲ್ಲಿದ್ದರೆ ಒಂದು ಬೊಂಬೆ ಕೊಟ್ಟುಬಿಡುತ್ತಿದ್ದೆ.

ಆಮೇಲೆ ಅಂದ:
‘ನಮ್ಮಲ್ಲಿ ಸೇತುವೆ ಬಂತು, ನನ್ನ ಕೆಲಸ ಹೋಯ್ತು.
ಅದೇ ಸೇತುವೆ ಒಂದು ರಾತ್ರಿ ಬಿತ್ತು.
ಕೆಲಸ ವಾಪಸು ಬಂತಾ?’
ನಕ್ಕ. ನಗು ಸೊಂಟಕ್ಕೆ ತಾಗಿ ನಿಲ್ಲಿಸಿದ.
‘ಇವನ ಸೇತುವೆ ಬೀಳ್ತದಾ?’
ಹದಿನಾಲ್ಕರ ಸಲೈನು ಮುಗಿದಿತ್ತು. ಎದ್ದೆ.
ಮರುದಿನ ನಾನು ಬರುವುದರೊಳಗೆ
ಅವನನ್ನು ಮಣಿಪಾಲಕ್ಕೆ ಕಳಿಸಿದ್ದರು.
ಚಾದರ ಬದಲಾಗಿತ್ತು.

ಇವತ್ತು ಬೆಳಿಗ್ಗೆ ಫಲಿತಾಂಶ.
ಕ್ಯಾಂಟೀನಿನಲ್ಲಿ ಬನ್ಸ್ ಮುರಿಯುತ್ತ ನೋಡಿದೆ.
ಯುದ್ಧಕ್ಕೇ ಸಿಕ್ಕಿತು. ಇಸಾಬೆಲ್ ಸಿಸ್ಟರಿಗೆ ಐವತ್ತು ರೂಪಾಯಿ ಸೋತೆ.
ಬೊಂಬೆ ಹಿಡಿದವ ತಾಯಿಯನ್ನು, ದೇವರನ್ನು,
ತನ್ನ ವಕೀಲನನ್ನು ನೆನೆದ.
ಗಂಟೆ ಬಾರಿಸಿದರೂ ಇಳಿಯದೆ
ಅವನೂ ವಾಕ್ಯ ಮುಗಿಸಿಯೇ ಹೋದ.

ದೋಣಿಯವನ ಇಪ್ಪತ್ತಾರು ನಿಮಿಷ ಫೋನಿನಲ್ಲಿ ಹಾಗೇ ಇದೆ.
ಮನೆ ಮುಟ್ಟುವುದರೊಳಗೆ ಮುಗಿಸಬಹುದು. ಮುಗಿಸಿಲ್ಲ.
ಕೇಸ್ ಶೀಟಿನಿಂದ ಅವನ ಮಗಳ ನಂಬರು ಬರೆದುಕೊಂಡೆ,
ತಪ್ಪು, ಗೊತ್ತು.
ಮಾಜಾಳಿ ಬಸ್ಸು ಹೊಸ ಸೇತುವೆ ಹತ್ತಿದೆ.
ಪಕ್ಕದಲ್ಲಿ, ಹಳೆಯದು ಬಿದ್ದ ಕಡೆ, ಇಳಿತದ ನೀರು.
ರಿಂಗ್ ಆಗುತ್ತಿದೆ.
ಇಲ್ಲಿ ಸಿಗ್ನಲ್ಲು
ಒಂದು ಗೆರೆ ಬರುತ್ತದೆ, ಹೋಗುತ್ತದೆ.