ಹೊಲಿಗೆ ಮಿಷನ್ನಿನ ಎಣ್ಣೆ

ಫುನಬಾಶಿಯ ರೈಲುಗೇಟಿನ ಪಕ್ಕ,
ಹಲ್ಲಿನ ಡಾಕ್ಟರ ಮೆಟ್ಟಿಲ ಕೆಳಗೆ ನನ್ನ ಅಂಗಡಿ.
ರೈಲು ಹಾದಾಗಲೆಲ್ಲ ಡಬ್ಬಿಯೊಳಗಿನ ಬಿಳಿ ಗುಂಡುಗಳು
ಒಮ್ಮೆ ಮೈ ಕೊಡವಿ ಸುಮ್ಮನಾಗುತ್ತವೆ.

ಟ್ಯಾಕ್ಸಿಯ ಕುವಬಾರ ಬಂದರು, ಫೆಬ್ರವರಿಯ ಮಂಗಳವಾರ.
ಬಿಳಿ ಕೈಗವಸು ಬಿಚ್ಚದೆಯೇ
ಟವೆಲ್ಲಿನಲ್ಲಿ ಸುತ್ತಿದ್ದನ್ನು ಕಟ್ಟೆಯ ಮೇಲೆ ಮಲಗಿಸಿದರು,
ಪಶುವೈದ್ಯರಲ್ಲಿಗೆ ಬೆಕ್ಕು ತಂದವರ ಹಾಗೆ.
"ಗುಂಡು ಹಾರುತ್ತಿಲ್ಲಮ್ಮ, ಉದುರುತ್ತಿದೆ.
ಮೂರು ಮಾರು, ಅಷ್ಟೇ."

ಮಗಳು ಚಿನಾಮಿ ಕೊಡಿಸಿದ ಆಟದ ಬಂದೂಕು.
ತಂಡದಲ್ಲಿ ಒಬ್ಬರು ಕಮ್ಮಿ, ಭಾನುವಾರ ಕಾಡಿಗೆ ಬಾ ಅಪ್ಪಾ
ಎಂದಳಂತೆ. ಅಷ್ಟಕ್ಕೇ ಇವರು
ಇಡೀ ರಾತ್ರಿ ಅಡುಗೆಮನೆಯ ದೀಪದಡಿ ಕೂತು
ಸಜ್ಜು ಮಾಡಿದ್ದಾರೆ.

ಮೂಸಿ ನೋಡಿದೆ.
ನನ್ನ ಅಮ್ಮ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದ ಕೋಣೆ
ಒಮ್ಮೆಲೇ ಮೂಗಿಗೆ ಬಂತು.
"ಮಿಷನ್ ಎಣ್ಣೆಯೇ?"
"ಹೆಂಡತಿಯದು. ಒಳ್ಳೆಯದು. ದುಬಾರಿ."
"ಎಲ್ಲೆಲ್ಲಿ ಹಾಕಿದಿರಿ?"
"ತೂತು ಕಂಡಲ್ಲೆಲ್ಲ."

ತಿರುಪು ಬಿಚ್ಚಿದೆ. ನಳಿಗೆಯ ಬುಡದ ರಬ್ಬರು,
ಗುಂಡಿಗೆ ಹಿಂದಿನಿಂದ ಮೆಲ್ಲಗೆ ತಿರುಗು ಕೊಡುವ
ಆ ಪುಟ್ಟ ನಾಲಿಗೆ,
ಎಣ್ಣೆ ಕುಡಿದು ಬಾತುಕೊಂಡಿತ್ತು.
ಇಕ್ಕಳದ ತುದಿಯಲ್ಲಿ ಹಿಡಿದು ತೋರಿಸಿದೆ.
ಕುವಬಾರ ಕನ್ನಡಕ ಹಣೆಗೇರಿಸಿ ನೋಡಿದರು,
ಬಹಳ ಹೊತ್ತು.

"ಎಣ್ಣೆ ಅಂದರೆ ಎಣ್ಣೆಯೇ ಅಲ್ಲವೇ?"

ಅಲ್ಲ ಕುವಬಾರ-ಸಾನ್.
ನೆಲದಡಿಯಿಂದ ಬಂದ ಎಣ್ಣೆಗೂ ಈ ರಬ್ಬರಿಗೂ
ಎಣ್ಣೆ ಸೀಗೆಕಾಯಿ.
ತುಕ್ಕು ಬಿಡಿಸುವ ಆ ಸ್ಪ್ರೇ ಇದೆಯಲ್ಲ, ಎಲ್ಲರ ಮನೆಯಲ್ಲೂ,
ಅದು ಪ್ಲಾಸ್ಟಿಕ್ಕಿನ ಮೈಗೆ ಕೂದಲೆಳೆಯ ಬಿರುಕು ತರುತ್ತದೆ,
ಇಂದಲ್ಲ, ಬೇಸಿಗೆಗೆ.
ಸಿಲಿಕೋನ್ ತಗೊಳ್ಳಿ. ಅದರಲ್ಲೂ ಡಬ್ಬಿಯ ಬೆನ್ನು ಓದಿ,
ಇರುವೆಯಕ್ಷರದಲ್ಲಿ ದ್ರಾವಕದ ಹೆಸರಿದ್ದರೆ
ಅಲ್ಲೇ ಇಟ್ಟು ಬನ್ನಿ.
ಉಂಗುರಕ್ಕೆ ಒಂದು ತೊಟ್ಟು. ಒಂದೇ.
ಹಲ್ಲುಚಕ್ರಕ್ಕೆ ಇದು ಸಾಲದು, ಜಾರಿ ಓಡಿಹೋಗುತ್ತದೆ,
ಅಲ್ಲಿಗೆ ಬಿಳಿ ಗ್ರೀಸು, ಅಕ್ಕಿಕಾಳಿನಷ್ಟು.
ಈ ನಾಲಿಗೆಗೆ?
ಏನೂ ಬೇಡ. ಅದು ಒಣಗಿರಬೇಕು.
ಮತ್ತೆ, ಸ್ಪ್ರೇ ಹೊಡೆಯುವಾಗ ಸೀಮೆಎಣ್ಣೆ ಹೀಟರು ಆರಿಸಿ.
ಕಣ್ಣಿನ ಕನ್ನಡಕ ದೂರವಿಡಿ.

ಎಲ್ಲ ಗೊತ್ತಿದ್ದವಳಂತೆ ಹೇಳಿದೆ.
ಅಂಗಡಿ ತೆರೆದ ವರ್ಷ ಹುಡುಗನೊಬ್ಬನಿಗೆ
'ಯಾವುದಾದರೂ ಹಾಕು' ಎಂದವಳೂ ನಾನೇ.
ಆರು ತಿಂಗಳ ಉಳಿತಾಯದ ಪಿಸ್ತೂಲು ಅವನದು.
ಒಡೆದ ಜಾರುಪಟ್ಟಿ ತಂದು ಕಟ್ಟೆಯ ಮೇಲಿಟ್ಟ,
ಬೈಯಲಿಲ್ಲ, ಬಗ್ಗಿ ನಮಸ್ಕರಿಸಿ ಹೋದ.
ಬೈದಿದ್ದರೆ ಮರೆಯುತ್ತಿದ್ದೆ.

ಹೊಸ ರಬ್ಬರು ಕೂರಿಸಿ, ಒಳಗೆಲ್ಲ ಒರೆಸಿ,
ಹಿಂದಿನ ಗೋಡೆಯ ರಟ್ಟಿಗೆ ಹೊಡೆದು ನೋಡಿದೆವು.
ಟಪ್. ಟಪ್. ನಡುವಿಗೇ.
ಕುವಬಾರ ನಗಲಿಲ್ಲ, ಕೈಗವಸು ಬಿಚ್ಚಿದರು.
ಬೆರಳ ಸಂದಿಯಲ್ಲಿ ಇನ್ನೂ ಎಣ್ಣೆ ಮಿನುಗುತ್ತಿತ್ತು.
"ಚಿನಾಮಿಗೆ ಹೇಳಬೇಡಿ."
"ಏನನ್ನು?"
"ತೂತು ಕಂಡಲ್ಲೆಲ್ಲ ಅಂದದ್ದನ್ನು."

ಮುಂದಿನ ಸೋಮವಾರ ಅವಳೇ ಬಂದಳು, ಗುಂಡು ಕೊಳ್ಳಲು.
ಮೊದಲ ಆಟದಲ್ಲೇ ಅಪ್ಪ ಔಟಂತೆ.
ಬಿದಿರ ಮೆಳೆಯ ಹಿಂದೆ, ಯಾರೂ ನೋಡಿರಲಿಲ್ಲ,
ತಗುಲಿದ ಸದ್ದೂ ಕೇಳಿರಲಿಲ್ಲ.
ತಾವೇ ಕೈಯೆತ್ತಿ "ಹಿಟ್!" ಎಂದು ಕೂಗಿ
ಟ್ಯಾಕ್ಸಿ ನಿಲ್ದಾಣದಲ್ಲಿ ಸರದಿ ಬಿಟ್ಟುಕೊಡುವವರ ಹಾಗೆ
ಬದಿಗೆ ನಡೆದರಂತೆ.

"ಬಂದೂಕು ಹೇಗಿತ್ತು?" ಕೇಳಿದೆ.
"ಒಂದೂ ಹೊಡೆಯಲಿಲ್ಲ ಅವರು," ಎಂದಳು ಚಿನಾಮಿ,
"ಊಟದ ಹೊತ್ತಿಗೆ ಎಲ್ಲರ ಬಂದೂಕೂ ಇಸಿದುಕೊಂಡು
ಒಂದೊಂದೇ ಮೂಸುತ್ತಾ ಕೂತಿದ್ದರು."