ನಡಾವಳಿ

ವಿಷಯ ಸಂಖ್ಯೆ ಹದಿನೇಳು. ಬೂದಿಗುಂಡಿ ಮೂರನೇ ಅಡ್ಡರಸ್ತೆ,
ಕಾಂಕ್ರೀಟ್ ಚರಂಡಿ, ಉದ್ದ ಇನ್ನೂರ ಹನ್ನೆರಡು ಮೀಟರು,
ಕಾಮಗಾರಿ ಪೂರ್ಣ, ಬಿಲ್ಲು ಪಾವತಿಗೆ ಅನುಮೋದನೆ ಕೋರಿ.
ಶಿವಮೊಗ್ಗದ ಪಾಲಿಕೆಯಲ್ಲಿ ಹತ್ತೊಂಬತ್ತು ವರ್ಷ
ಇದೇ ಮೂಲೆಯ ಮೇಜು ನನ್ನದು.
ಇಲ್ಲಿ ಮಾತು ಗುಡುಗುತ್ತದೆ. ನನ್ನ ಹಾಳೆಗೆ ಇಳಿಯುವಷ್ಟರಲ್ಲಿ
'ಸುದೀರ್ಘವಾಗಿ ಚರ್ಚಿಸಲಾಯಿತು' ಆಗಿರುತ್ತದೆ.

ವಡೆ ಬಂದಿತ್ತು. ಚಟ್ನಿಗೆ ಉಪ್ಪು ಸಾಲದೆಂದು
ಪಕ್ಷಭೇದ ಮರೆತು ಎಲ್ಲರೂ ಒಪ್ಪಿದ್ದರು.
ಆಗ ಎದ್ದರು ಯಮುನಾಬಾಯಿ.
ಕೊರಳಲ್ಲಿ ಟೇಪು. ಹೊಲಿಗೆ ಅಂಗಡಿಯಿಂದ ನೇರ ಬಂದವರು,
ತೆಗೆದಿಡಲು ಮರೆತರೆಂದೇ ತಿಳಿದಿದ್ದೆ.
"ನಾನು ಅಳೆದೆ" ಅಂದರು.

ಹಿಂದಿನ ಸಾಲಿನಿಂದ ನಗು ಮುಂದಕ್ಕೆ ಬಂತು.
"ಅಕ್ಕಾ, ಅದು ರವಿಕೆ ಅಳೆಯೋ ಟೇಪು!"
"ಹೌದು. ಒಂದೂವರೆ ಮೀಟರು.
ಆ ತುದಿ ನಮ್ಮ ಬೀದಿ ಹುಡುಗಿ ಹಿಡಿದ್ಲು, ಈ ತುದಿ ನಾನು.
ಸೀಮೆಸುಣ್ಣದಲ್ಲಿ ಗೆರೆ ಹಾಕ್ಕೊಂಡು ನೂರ ಹನ್ನೆರಡು ಸಲ.
ನೂರ ಅರವತ್ತೆಂಟಕ್ಕೆ ಚರಂಡಿ ಮುಗೀತು.
ಆಮೇಲೆ ಮಣ್ಣು. ಮಣ್ಣಾದ ಮೇಲೆ ನೀರು.
ನೀರಾದ ಮೇಲೆ ಸೈದಾನಿ ಬೀ ಹೊಸ್ತಿಲು."

ಎಂಜಿನಿಯರ್ ಧನಂಜಯಪ್ಪ ಅಳತೆ ಪುಸ್ತಕ ಬಿಡಿಸಿ ತೋರಿಸಿದರು.
ನಿಜ, ಇತ್ತು: ಇನ್ನೂರ ಹನ್ನೆರಡು,
ಹಸಿರು ಶಾಯಿಯ ಗೆರೆ, ಅದರ ಕೆಳಗೆ ದುಂಡು ಸಹಿ.

"ಪುಸ್ತಕದೊಳಗೆ ನೀರು ಹರಿಯೋದಾದ್ರೆ ಹರೀಲಿ ಸಾರ್.
ರವಿಕೆ ಅರ್ಧ ಇಂಚು ಬಿಗಿಯಾದ್ರೆ
ತೊಟ್ಟವಳು ಸಂಜೆಯೊಳಗೆ ನನ್ನ ಬಾಗಿಲಲ್ಲಿರ್ತಾಳೆ.
ಹೊಲಿಗೆ ಬಿಚ್ಚಿಕೊಡ್ತೀನಿ, ಕಾಸು ಕೇಳಲ್ಲ.
ನಲವತ್ನಾಲ್ಕು ಮೀಟರು ಕಮ್ಮಿಯಾದ ಚರಂಡಿ
ಯಾರ ಬಾಗಿಲಿಗೆ ಹೋಗಬೇಕು?"

ಮೇಯರು ಗಡಿಯಾರ ನೋಡಿದರು.
ಮುಂದೂಡಲಾಯಿತು.
ಹೊರಗೆ ಯಾರೋ ನನ್ನ ಹೆಗಲು ತಟ್ಟಿದರು:
"ಎಲ್ಲಾ ಬರೀಬೇಡಿ ಮಾರಾಯ್ರೆ, ಚುಟುಕಾಗಿರಲಿ."

ಸಂಜೆ ಸ್ಕೂಟರು ಮನೆಯ ಕಡೆ ತಿರುಗಲಿಲ್ಲ.
ಸೀಮೆಸುಣ್ಣದ ಗೆರೆಗಳು ಇನ್ನೂ ಇದ್ದವು, ಅಲ್ಲಲ್ಲಿ.
ಸಿಮೆಂಟು ಕತ್ತರಿ ಹಾಕಿದ ಹಾಗೆ ನಿಂತಿತ್ತು,
ಚಾಚಿಕೊಂಡ ಕಬ್ಬಿಣದ ಸರಳಿಗೆ
ಯಾರೋ ಮಗುವಿನ ಅಂಗಿ ಒಣಹಾಕಿದ್ದರು.
ಅಲ್ಲಿಂದ ನಡೆದೆ, ಕಾಲಿಗೆ ಕೊಳೆ ಮೆತ್ತಿಸಿಕೊಂಡು,
ಅರವತ್ತೊಂದು ಹೆಜ್ಜೆ.
ಆರು ಮನೆ, ಒಂದು ಅಂಗನವಾಡಿ, ಒಂದು ಹಿಟ್ಟಿನ ಗಿರಣಿ.
ಕೆಳಗೆಲ್ಲೋ ತುಂಗೆ. ಈ ನೀರಿಗೆ ಅದರ ದಾರಿ ಗೊತ್ತಿಲ್ಲ.
ಇಷ್ಟು ವರ್ಷ ನಡಾವಳಿ ಬರೆದಿದ್ದೇನೆ,
ನಡೆದು ನೋಡಿದ್ದು ಅವತ್ತೇ ಮೊದಲು.

ಹಿಂದಿನ ಸಭೆಯ ನಡಾವಳಿ ಓದಿ ದೃಢೀಕರಿಸುವುದು:
ಆ ಹೊತ್ತಿಗೆ ಯಾರೂ ಕೇಳುವುದಿಲ್ಲ, ಎಲೆಯಡಿಕೆಯ ಸಮಯ.
ಓದಿದೆ. "ಸ್ಥಳದಲ್ಲಿ ನೂರ ಅರವತ್ತೆಂಟು.
ಕೊರತೆ ನಲವತ್ನಾಲ್ಕು."
ಗುತ್ತಿಗೆದಾರ ಹಾಲೇಶಿ ಪೇಪರು ಮಡಚಿದ.
"ಇದನ್ನ ಬರೆಯೋಕೆ ಯಾರು ಹೇಳಿದ್ದು?"
"ಅವರು ಅಂದರು ಸಾರ್. ನಾನು ಬರೆದೆ."
ದೃಢೀಕರಿಸಲು ಕೆಲವರು ಕೈ ಎತ್ತಿದರು.
ಕೆಲವರು ಸುಮ್ಮನೆ ಕೈ ಎತ್ತಿದರು.

ಯುಗಾದಿಯೊಳಗೆ ಮೂವತ್ತು ಮೀಟರು ಬಂತು.
ಗಿರಣಿಯ ಹತ್ತಿರ ಹದಿನಾಲ್ಕು ಬಾಕಿ.
ನನ್ನನ್ನು ಜನನ-ಮರಣ ವಿಭಾಗಕ್ಕೆ ಹಾಕಿದರು,
ಕೆಲಸ ಕಮ್ಮಿಯೇನಲ್ಲ.

ನಿನ್ನೆ ಕೌಂಟರಿನ ಕಿಂಡಿಯಲ್ಲಿ ಯಮುನಾಬಾಯಿ.
"ಆ ಟೇಪು ಹಳೇದು, ಎಳೆದೂ ಎಳೆದೂ
ಒಂದು ಸೆಂಟಿಮೀಟರು ಹಿಗ್ಗಿಬಿಟ್ಟಿತ್ತು, ನೋಡೇ ಇರಲಿಲ್ಲ.
ನೂರ ಹನ್ನೆರಡು ಸಲಕ್ಕೆ ಮೀಟರು ಚಿಲ್ಲರೆ ಆಯ್ತು.
ಅಷ್ಟು ಜಾಸ್ತಿ ಹೊರಿಸಿದೀನಿ ಹಾಲೇಶಿ ಮೇಲೆ.
ತಿದ್ಕೊಳ್ಳಿ."

ನಡಾವಳಿ ಪುಸ್ತಕ ಈಗ ನನ್ನ ಹತ್ತಿರ ಇಲ್ಲ ಎನ್ನಲಿಲ್ಲ.
ಖಾಲಿ ಜನನ ಅರ್ಜಿಯೊಂದನ್ನು ತಿರುಗಿಸಿ ಹಿಂಬದಿಯಲ್ಲಿ
ಅವರು ಹೇಳಿದಂತೆ ಬರೆದುಕೊಂಡೆ,
ತಾರೀಖು ಹಾಕಿದೆ.